ಸರ್ವರ್ ದೋಷ ದಾಖಲೆ

ಕೆಟ್ಟ ಸರ್ವರ್‌ನ ಯಾವ ಭಾಗ ಬದಲಿಸಬೇಕೆಂದು ತಯಾರಕ ಸಂಸ್ಥೆಯ ಬೆಂಬಲ ವಿಭಾಗ ನಿರ್ಧರಿಸಲು ಆಧಾರವಾಗುವ ಲಾಗ್‌ಗಳ ಕಟ್ಟು. ಇದನ್ನು ಬರೆಯುವುದು ಮದರ್‌ಬೋರ್ಡ್ ಮೇಲಿನ ಬಿಎಂಸಿ ಎಂಬ ಪುಟ್ಟ ನಿಯಂತ್ರಕ. ಡೆಲ್‌ನಲ್ಲಿ ಅದು ಐಡ್ರ್ಯಾಕ್, ಎಚ್‌ಪಿಇಯಲ್ಲಿ ಐಎಲ್‌ಒ. ಪ್ಲಗ್‌ನಲ್ಲಿ ಕರೆಂಟ್ ಇದ್ದರೆ ಸಾಕು, ಸರ್ವರ್ ಆಫ್ ಆಗಿದ್ದರೂ ಇದು ಎಚ್ಚರವಾಗಿರುತ್ತದೆ. ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಕೂಡಿ 1998ರಲ್ಲಿ ಪ್ರಕಟಿಸಿದ ಐಪಿಎಂಐ ಮಾನದಂಡ ಇದಕ್ಕೆ ತಳಹದಿ.

ಮೆಮೊರಿಯ ಇಸಿಸಿ (ತಪ್ಪು ತಿದ್ದುವ ವ್ಯವಸ್ಥೆ) ದೋಷ, ಫ್ಯಾನ್ ವೇಗ, ಉಷ್ಣತೆ, ಪವರ್ ಸಪ್ಲೈ ವೈಫಲ್ಯ ಸಮಯದೊಂದಿಗೆ ಲಾಗ್‌ನಲ್ಲಿ ದಾಖಲಾಗುತ್ತವೆ. ಡಿಸ್ಕ್ ಕೆಟ್ಟಿದ್ದರೆ ಡಿಸ್ಕ್‌ಗಳನ್ನು ಒಟ್ಟಾಗಿ ನಿರ್ವಹಿಸುವ ರೇಡ್ ಕಂಟ್ರೋಲರ್‌ನ ಲಾಗ್ ಕೂಡ ಬೇಕು. ಗಡಿಯಾರ ತಪ್ಪಿದ್ದರೆ ಘಟನೆಗಳ ಸರಣಿಯೇ ದಾರಿ ತಪ್ಪಿಸುತ್ತದೆ. ಲಾಗ್‌ಗೆ ಜಾಗ ಸೀಮಿತ. ಹಾಗೆಂದು ದೂರು ಕೊಡುವ ಮೊದಲೇ ಲಾಗ್ ಅಳಿಸಿಬಿಡುವುದು ಬಹಳ ಕಡೆ ಕಾಣುವ ಅವಿವೇಕ. ರಿಪೇರಿಯಾದ ಮೇಲೆ ಅಳಿಸುವುದು ಸರಿ.

ದೂರಿನ ಜೊತೆ ಸೀರಿಯಲ್ ಸಂಖ್ಯೆ (ಡೆಲ್‌ನಲ್ಲಿ ಏಳು ಅಕ್ಷರಗಳ ಸರ್ವೀಸ್ ಟ್ಯಾಗ್), ಫರ್ಮ್‌ವೇರ್ ಆವೃತ್ತಿ, ವಾರಂಟಿ ವಿವರ ಕೊಡಬೇಕು. ಅಕ್ಕಲಕೋಟೆ, ತಡವಳದಂತೆ ಬಿಡಿಭಾಗ ಹೊರಗಿನಿಂದ ಬರಬೇಕಾದ ಊರುಗಳಲ್ಲಿ ಪೂರ್ಣ ಲಾಗ್ ಇಲ್ಲದಿದ್ದರೆ ತಪ್ಪು ಭಾಗ ಬಂದು ಇನ್ನೊಂದು ದಿನ ಹೋಗುತ್ತದೆ. ಲಾಗ್‌ನಲ್ಲಿ ಐಪಿ ವಿಳಾಸ, ಸರ್ವರ್ ಹೆಸರು ಇರುವುದರಿಂದ ಅದನ್ನು ತಯಾರಕ ಸಂಸ್ಥೆಯ ಅಧಿಕೃತ ತಾಣಕ್ಕೆ ಮಾತ್ರ ಕಳುಹಿಸಬೇಕು.