ಪಿಎಚ್‌ಪಿ ಸರ್ವರ್‌ನಿಂದ ಎಚ್‌ಟಿಟಿಪಿ ಉತ್ತರ

ಬ್ರೌಸರ್ ಅಥವಾ ಮೊಬೈಲ್ ಆ್ಯಪ್ ಕಳಿಸಿದ ಕೋರಿಕೆಗೆ ಪಿಎಚ್‌ಪಿ ಭಾಷೆಯ ಪ್ರೋಗ್ರಾಂ ವೆಬ್ ಸರ್ವರ್ ಮೂಲಕ ಹಿಂದಿರುಗಿಸುವ ಸಂದೇಶವೇ ಎಚ್‌ಟಿಟಿಪಿ ಉತ್ತರ. ಇದರಲ್ಲಿ ಮೂರು ಭಾಗಗಳಿವೆ: ಕೋರಿಕೆ ಏನಾಯಿತೆಂದು ಹೇಳುವ ಮೂರಂಕಿಯ ಸ್ಥಿತಿಸಂಖ್ಯೆ, ಕಳಿಸುತ್ತಿರುವುದು ಎಂಥದ್ದೆಂದು ಹೇಳುವ ಹೆಡರ್‌ಗಳು, ಕೊನೆಗೆ ಓದುಗನ ಕಣ್ಣಿಗೆ ಬೀಳುವ ಒಡಲು. ಎಚ್‌ಟಿಟಿಪಿಯ 1.1ನೇ ಆವೃತ್ತಿಯಲ್ಲಿ ಹೆಡರ್‌ಗೂ ಒಡಲಿಗೂ ನಡುವೆ ಇರುವುದು ಒಂದೇ ಒಂದು ಖಾಲಿ ಸಾಲು. ಇದಕ್ಕೆ ರಸ್ತೆಯದೊಂದು ಹೋಲಿಕೆ ಕೊಡಬಹುದು: ಬೆಂಗಳೂರು–ಮೈಸೂರು ಹೆದ್ದಾರಿಯ ಅಗಲೀಕರಣವನ್ನು ಎರಡು ಪ್ಯಾಕೇಜ್ ಮಾಡಿದಾಗ ಮೊದಲನೆಯದು ಬೆಂಗಳೂರಿನಿಂದ ನಿಡಘಟ್ಟದವರೆಗೆ, ಎರಡನೆಯದು ನಿಡಘಟ್ಟದಿಂದ ಮೈಸೂರಿನವರೆಗೆ ಎಂದು ಗೊತ್ತಾಗಿತ್ತು. ಉತ್ತರದೊಳಗಿನ ಆ ಖಾಲಿ ಸಾಲು ಮದ್ದೂರು ತಾಲ್ಲೂಕಿನ ನಿಡಘಟ್ಟದಂತೆಯೇ ಗಡಿಗುರುತು. ರಸ್ತೆಯಲ್ಲಾದರೆ ಹಿಂದಕ್ಕೆ ತಿರುಗಿ ಬರಬಹುದು. ಇಲ್ಲಿ ಖಾಲಿ ಸಾಲು ದಾಟಿದ ಮೇಲೆ ಹೆಡರ್‌ಗೆ ಮರಳುವ ದಾರಿಯಿಲ್ಲ. ಉತ್ತರ ಸರಿಯೋ ತಪ್ಪೋ ಎಂಬುದು ಒಡಲಿಗಿಂತ ಮೊದಲು ಹೆಡರ್ ನಿಜ ಹೇಳಿತೇ ಎಂಬುದರ ಮೇಲೆ ನಿಂತಿದೆ. ಇಂಗ್ಲಿಷ್ ಪುಟದಲ್ಲಿ ವರ್ಷಗಟ್ಟಲೆ ಮುಚ್ಚಿಹೋಗುವ ಹೆಡರ್‌ನ ಸುಳ್ಳು ಕನ್ನಡದ ಪುಟದಲ್ಲಿ ಮೊದಲ ದಿನವೇ ಬಯಲಾಗುತ್ತದೆ.

ಹೆಡರ್ ಅನ್ನು ಮರೆಯುವ ಅಭ್ಯಾಸಕ್ಕೆ ಪಿಎಚ್‌ಪಿಯ ಹುಟ್ಟಿನಲ್ಲೇ ಕಾರಣವಿದೆ. ರಾಸ್ಮಸ್ ಲೆರ್ಡಾರ್ಫ್ 1995ರ ಜೂನ್‌ನಲ್ಲಿ ಇದನ್ನು ಹೊರಗೆ ಬಿಟ್ಟಾಗ ಅದು ಸ್ವಂತ ವೆಬ್ ಪುಟ ನಡೆಸಿಕೊಳ್ಳುವ ಸಣ್ಣ ಸಲಕರಣೆಗಳ ಗಂಟು. ಎಚ್‌ಟಿಎಂಎಲ್ ಪುಟದ ನಡುವೆ ಅಲ್ಲಲ್ಲಿ ನಾಲ್ಕು ಸಾಲು ಕೋಡ್ ಬರೆದರೆ ಸಾಕು, ಕೋಡ್‌ನ ಗುರುತಿನ ಹೊರಗಿರುವುದೆಲ್ಲ ಇದ್ದ ಹಾಗೇ ಒಡಲಾಗಿ ಹೊರಡುತ್ತಿತ್ತು. ಬರೆದದ್ದೇ ಪುಟ ಎಂಬ ಈ ಸಲೀಸು ಪಿಎಚ್‌ಪಿಯನ್ನು ಜನಪ್ರಿಯಗೊಳಿಸಿತು. ಉತ್ತರವೆಂದರೆ ಒಡಲು ಮಾತ್ರ ಎಂಬ ಭ್ರಮೆಯನ್ನೂ ಬೆಳೆಸಿತು. ಪ್ರೋಗ್ರಾಂ ಏನನ್ನೂ ಹೇಳದಿದ್ದರೂ ಪಿಎಚ್‌ಪಿ ತಾನಾಗಿ ‘ಎಲ್ಲ ಸರಿ’ ಎನ್ನುವ 200 ಎಂಬ ಸ್ಥಿತಿಸಂಖ್ಯೆಯನ್ನೂ, ಒಡಲು ಎಚ್‌ಟಿಎಂಎಲ್ ಎಂಬ ಹೆಡರ್ ಅನ್ನೂ ಸೇರಿಸಿ ಕಳಿಸುತ್ತದೆ. ಹೇಳದೆ ಬಿಟ್ಟ ಮಾತನ್ನು ಯಂತ್ರವೇ ಹೇಳಿಬಿಡುವುದರಿಂದ ಅದು ನಿಜವೇ ಎಂದು ಪ್ರೋಗ್ರಾಂ ಬರೆದವರು ಕೇಳಿಕೊಳ್ಳುವುದೇ ಇಲ್ಲ. ಹೇಳಬೇಕಾದಾಗ ಅದಕ್ಕೆ ಸಲಕರಣೆಗಳಿವೆ. ಹೆಡರ್ ಎಂಬ ಹೆಸರಿನ ಫಂಕ್ಷನ್ ಬೇಕಾದ ಹೆಡರ್ ಸೇರಿಸುತ್ತದೆ, 2012ರ 5.4ನೇ ಆವೃತ್ತಿಯಲ್ಲಿ ಬಂದ ಎಚ್‌ಟಿಟಿಪಿ_ರೆಸ್ಪಾನ್ಸ್_ಕೋಡ್ ಸ್ಥಿತಿಸಂಖ್ಯೆಯನ್ನು ಗೊತ್ತುಮಾಡುತ್ತದೆ, ಎಕೊ ಒಡಲನ್ನು ಬರೆಯುತ್ತದೆ.

ನಿಡಘಟ್ಟ ಎಂಬ ಹೆಸರನ್ನೇ ಒಡಲಾಗಿ ಕಳಿಸಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಓದುವವರಿಗೆ ಇದರಲ್ಲಿ ನಾಲ್ಕು ಅಕ್ಷರ: ನಿ, ಡ, ಘ, ಟ್ಟ. ಯೂನಿಕೋಡ್ ಲೆಕ್ಕದಲ್ಲಿ ಗುಣಿತದ ಚಿಹ್ನೆ ಬೇರೆ, ಹಲಂತ ಚಿಹ್ನೆ ಬೇರೆ, ಒತ್ತಿನ ಟಕಾರ ಬೇರೆ. ಒಟ್ಟು ಏಳು ಸಂಕೇತ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕಾದ್ದರಿಂದ ತಂತಿಯ ಮೇಲೆ ಹೊರಡುವುದು 21 ಬೈಟ್. ಒಡಲಿನ ಉದ್ದ ತಿಳಿಸುವ ಕಂಟೆಂಟ್-ಲೆಂತ್ ಹೆಡರ್ ಕೇಳುವುದು ಈ ಮೂರನೆಯ ಲೆಕ್ಕವನ್ನು. ಪಿಎಚ್‌ಪಿಯ ಸ್ಟರ್‌ಲೆನ್ ಫಂಕ್ಷನ್ 21 ಎನ್ನುತ್ತದೆ, ಎಂಬಿ_ಸ್ಟರ್‌ಲೆನ್ 7 ಎನ್ನುತ್ತದೆ. ಕನ್ನಡಕ್ಕೆ ಎರಡನೆಯದೇ ತಕ್ಕದ್ದೆಂದು ನಂಬಿ 7 ಎಂದು ಬರೆದರೆ ಎದುರಿನ ಬ್ರೌಸರ್ ಏಳು ಬೈಟ್ ಓದಿ ನಿಲ್ಲುತ್ತದೆ. ಮೊದಲ ಆರು ಬೈಟ್‌ಗೆ ‘ನಿ’ ಮೂಡುತ್ತದೆ, ಏಳನೆಯದು ಡಕಾರದ ಮೂರರಲ್ಲಿ ಒಂದು ಪಾಲು, ಅದು ಅಕ್ಷರವಾಗದೆ ಪ್ರಶ್ನೆಚಿಹ್ನೆ ಹೊತ್ತ ಕಪ್ಪು ವಜ್ರಾಕೃತಿಯಾಗುತ್ತದೆ. ಅದೇ ಊರಿನ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದಿದ್ದರೆ ಅಕ್ಷರ, ಸಂಕೇತ, ಬೈಟ್ ಮೂರೂ ಒಂದೇ ಆಗಿ ತಪ್ಪು ಫಂಕ್ಷನ್ ಕೂಡ ಸರಿಯುತ್ತರ ಕೊಡುತ್ತಿತ್ತು. ಉದ್ದವನ್ನು ಹೇಳಲೇಬೇಕೆಂಬ ಕಡ್ಡಾಯವೇನೂ ಇಲ್ಲ. ಬಿಟ್ಟರೆ ಸರ್ವರ್ ತಾನೇ ಲೆಕ್ಕ ಹಾಕುತ್ತದೆ, ಇಲ್ಲವೇ ಒಡಲನ್ನು ತುಂಡುತುಂಡಾಗಿ ಕಳಿಸುತ್ತದೆ. ಸುಳ್ಳು ಉದ್ದಕ್ಕಿಂತ ಮೌನ ಮೇಲು.

ಉದ್ದದ ಹಾಗೆಯೇ ಲಿಪಿಸಂಕೇತದ ಮಾತು. ಒಡಲು ಯಾವ ಪದ್ಧತಿಯಲ್ಲಿದೆ ಎಂದು ಹೇಳುವುದು ಕಂಟೆಂಟ್-ಟೈಪ್ ಹೆಡರ್‌ನ ಕೆಲಸ. ನಕಾರದ ಮೂರು ಬೈಟ್ ಹದಿನಾರರ ಎಣಿಕೆಯಲ್ಲಿ ಇ0, ಬಿ2, ಎ8. ಹೆಡರ್ ಇದನ್ನು ಯುಟಿಎಫ್-8 ಎಂದರೆ ನಕಾರ ಕಾಣುತ್ತದೆ. ಪಶ್ಚಿಮ ಯುರೋಪಿನ ಹಳೆಯ ಪದ್ಧತಿ ಎಂದುಬಿಟ್ಟರೆ ತಲೆಯ ಮೇಲೆ ಓರೆಗೆರೆ ಹೊತ್ತ ಲ್ಯಾಟಿನ್ ಅಕ್ಷರ, ಪಕ್ಕದಲ್ಲಿ ವರ್ಗಸೂಚಕದ ಪುಟ್ಟ 2, ಅದರಾಚೆ ಜೋಡಿ ಚುಕ್ಕೆ ಕಾಣುತ್ತವೆ. ಬೈಟ್ ಒಂದೂ ಬದಲಾಗಿಲ್ಲ, ಅದರ ಬಗ್ಗೆ ಹೇಳಿದ ಮಾತು ಮಾತ್ರ ಬದಲಾಗಿದೆ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ, ಬರಹ ತಂತ್ರಾಂಶಗಳ ಕಾಲದಲ್ಲಿ ಲ್ಯಾಟಿನ್ ಸಂಕೇತಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟ್‌ಗಳಿದ್ದವು. ಅಂಥ ಪುಟದ ಹೆಡರ್ ಒಡಲನ್ನು ಲ್ಯಾಟಿನ್ ಎಂದೇ ಕರೆಯುತ್ತಿತ್ತು. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಕಲಸುಮೇಲೋಗರ, ಹುಡುಕುವ ಯಂತ್ರಕ್ಕೆ ಅದು ಕನ್ನಡವೇ ಅಲ್ಲ. ಪಿಎಚ್‌ಪಿ ಕೂಡ ತಾನಾಗಿ ಯುಟಿಎಫ್-8 ಎಂದು ಹೇಳಲು ಶುರುಮಾಡಿದ್ದು 2014ರ 5.6ನೇ ಆವೃತ್ತಿಯಿಂದ.

ಇದಕ್ಕೊಂದು ಸಾಮಾನ್ಯ ಆಕ್ಷೇಪವಿದೆ: ಎಚ್‌ಟಿಎಂಎಲ್ ಪುಟದ ಒಳಗೇ ಮೆಟಾ ಟ್ಯಾಗ್‌ನಲ್ಲಿ ಯುಟಿಎಫ್-8 ಎಂದು ಬರೆಯಬಹುದಲ್ಲ, ಹೆಡರ್‌ನ ಹಂಗೇಕೆ? ಹೆಡರ್ ಸುಮ್ಮನಿದ್ದಾಗ ಈ ಉಪಾಯ ನಡೆಯುತ್ತದೆ. ಆದರೆ ಎರಡೂ ಮಾತಾಡಿ ಒಂದಕ್ಕೊಂದು ಒಪ್ಪದಿದ್ದರೆ ಬ್ರೌಸರ್ ನಂಬುವುದು ಹೆಡರ್ ಅನ್ನು. ಸರ್ವರ್‌ನ ಸೆಟ್ಟಿಂಗ್‌ನಲ್ಲಿ ಯಾರೋ ಎಂದೋ ಬರೆದಿಟ್ಟ ಹಳೆಯ ಪದ್ಧತಿಯ ಹೆಸರು ಒಳಗಿನ ಸರಿಯಾದ ಟ್ಯಾಗ್ ಅನ್ನು ಮೂಲೆಗೆ ತಳ್ಳುತ್ತದೆ. ಮೇಲಾಗಿ ಪಿಎಚ್‌ಪಿ ಕಳಿಸುವುದು ಎಚ್‌ಟಿಎಂಎಲ್ ಒಂದನ್ನೇ ಅಲ್ಲ. ಸಾದಾ ಪಠ್ಯಕ್ಕಾಗಲಿ, ಸಿಎಸ್‌ವಿ ಪಟ್ಟಿಗಾಗಲಿ ಟ್ಯಾಗ್ ಹಾಕುವ ಜಾಗವೇ ಇಲ್ಲ. ಡೌನ್‌ಲೋಡ್ ಆಗುವ ಕಡತಕ್ಕೆ ‘ನಿಡಘಟ್ಟ’ ಎಂದು ಹೆಸರಿಡಬೇಕಾದರೆ ಅದನ್ನು ಹೇಳಬೇಕಾದ್ದೂ ಹೆಡರ್‌ನಲ್ಲೇ. ಅಲ್ಲಿ ಕನ್ನಡ ಬೈಟ್‌ಗಳನ್ನು ನೇರವಾಗಿ ಬರೆದರೆ ಎಲ್ಲ ಕಡೆ ಸರಿಯಾಗಿ ತಲುಪುತ್ತದೆಂಬ ಭರವಸೆಯಿಲ್ಲದ್ದರಿಂದ ಪ್ರತಿ ಬೈಟ್ ಅನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕೆಗಳಾಗಿ ಬಿಡಿಸಬೇಕು. ಓದುವವರ ನಾಲ್ಕಕ್ಷರ ಅಲ್ಲಿ 63 ಚಿಹ್ನೆಗಳಾಗುತ್ತವೆ.

ಹೆಡರ್ ಮೊದಲು, ಒಡಲು ಆಮೇಲೆ ಎಂಬ ಕ್ರಮವನ್ನು ಪಿಎಚ್‌ಪಿ ಕಟ್ಟುನಿಟ್ಟಾಗಿ ಕಾಯುತ್ತದೆ. ಒಡಲಿನ ಒಂದು ಬೈಟ್ ಹೊರಟರೂ ಹೆಡರ್ ಫಂಕ್ಷನ್ ಕೈಚೆಲ್ಲಿ, ಹೆಡರ್‌ಗಳು ಆಗಲೇ ಹೋಗಿವೆ ಎಂದು ಎಚ್ಚರಿಸುತ್ತದೆ. ಇಲ್ಲಿಯೂ ಕನ್ನಡದಲ್ಲಿ ಬರೆಯುವವರಿಗೇ ಪೆಟ್ಟು ಜಾಸ್ತಿ. ಕನ್ನಡ ಪದವಿರುವ ಕಡತವನ್ನು ವಿಂಡೋಸ್‌ನ ಹಳೆಯ ನೋಟ್‌ಪ್ಯಾಡ್‌ನಲ್ಲಿ ಉಳಿಸಬೇಕಾದರೆ ಯೂನಿಕೋಡ್ ಆಯ್ಕೆ ಅನಿವಾರ್ಯ. ಅಲ್ಲಿ ಯುಟಿಎಫ್-8 ಆರಿಸಿದರೆ ಕಡತದ ನೆತ್ತಿಯ ಮೇಲೆ ಕಣ್ಣಿಗೆ ಕಾಣದ ಮೂರು ಬೈಟ್‌ಗಳ ಗುರುತು ಕೂರುತ್ತಿತ್ತು. ಕೋಡ್ ಆರಂಭವಾಗುವ ಮೊದಲೇ ಇರುವ ಆ ಮೂರು ಬೈಟ್ ಪಿಎಚ್‌ಪಿಯ ಲೆಕ್ಕದಲ್ಲಿ ಒಡಲು. ಕೋಡ್‌ನಲ್ಲಿ ತಪ್ಪಿಲ್ಲದಿದ್ದರೂ ಲಾಗಿನ್ ಆದವರನ್ನು ಮುಂದಿನ ಪುಟಕ್ಕೆ ಕಳಿಸುವ ಹೆಡರ್ ಹೊರಡದೆ ಖಾಲಿ ಪುಟ ಉಳಿಯಬಹುದು. ಒಡಲನ್ನು ತುಸು ಹೊತ್ತು ತಡೆದಿಡುವ ಬಫರ್ ವ್ಯವಸ್ಥೆಯಿದ್ದರೆ ಈ ತೊಂದರೆ ಬಾರದು ಎಂಬ ಮಾತೂ ಇದೆ. ಪಿಎಚ್‌ಪಿ ಜೊತೆಗೆ ಬರುವ ಮಾದರಿ ಸೆಟ್ಟಿಂಗ್ ಕಡತಗಳಲ್ಲಿ 4096 ಬೈಟ್‌ಗಳ ಬಫರ್ ಇದೆ. ಇದು ತಪ್ಪನ್ನು ಮುಂದಕ್ಕೆ ಹಾಕುತ್ತದೆಯೇ ಹೊರತು ತಿದ್ದುವುದಿಲ್ಲ: ಚಿಕ್ಕ ಪುಟದಲ್ಲಿ ನಡೆದದ್ದು ಬಫರ್ ತುಂಬಿದ ದೊಡ್ಡ ಪುಟದಲ್ಲಿ ನಡೆಯುವುದಿಲ್ಲ. ಕನ್ನಡ ಪಠ್ಯವಾದರೆ ಸುಮಾರು 1365 ಸಂಕೇತಗಳಿಗೇ ಅದು ತುಂಬಿಬಿಡುತ್ತದೆ.

ಸ್ಥಿತಿಸಂಖ್ಯೆಯ ವಿಷಯದಲ್ಲಿ ಹೆಡರ್‌ನ ಪ್ರಾಮಾಣಿಕತೆಗೆ ಒಳ್ಳೆಯ ಮಾದರಿ ಕನ್ನಡ ವಿಕಿಪೀಡಿಯ. 2003ರಲ್ಲಿ ಶುರುವಾದ ಈ ವಿಶ್ವಕೋಶವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶ ಪಿಎಚ್‌ಪಿಯಲ್ಲೇ ಬರೆದದ್ದು. ಅಲ್ಲಿ ಇನ್ನೂ ಯಾರೂ ಬರೆಯದ ಲೇಖನದ ವಿಳಾಸಕ್ಕೆ ಹೋದರೆ ಲೇಖನವಿಲ್ಲ, ನೀವೇ ಬರೆಯಬಹುದು ಎಂಬ ಸೌಜನ್ಯದ ಪುಟ ತೆರೆಯುತ್ತದೆ. ಒಡಲಿನಲ್ಲಿ ಸೌಜನ್ಯವಿದ್ದರೂ ಸ್ಥಿತಿಸಂಖ್ಯೆ ಮಾತ್ರ 404, ಅಂದರೆ ಕೇಳಿದ್ದು ಇಲ್ಲಿಲ್ಲ. ಓದುಗನಿಗೆ ಪುಟದಲ್ಲೇ ವಿಷಯ ತಿಳಿಯುವಾಗ 200 ಎಂದೇ ಕಳಿಸಿದರೆ ಏನು ನಷ್ಟ ಎಂದು ಕೇಳುವವರಿದ್ದಾರೆ. ಉತ್ತರವನ್ನು ಓದುವುದು ಮನುಷ್ಯರಷ್ಟೇ ಅಲ್ಲ. ಹುಡುಕುವ ಯಂತ್ರ 200 ಎಂಬುದನ್ನು ನಂಬಿ ‘ಇಲ್ಲ’ ಎನ್ನುವ ಪುಟವನ್ನು ಪಟ್ಟಿಗೆ ಸೇರಿಸಿಕೊಳ್ಳಬಹುದು. ಪುಟಗಳ ಪ್ರತಿ ಇಟ್ಟುಕೊಳ್ಳುವ ನಡುವಿನ ಕ್ಯಾಶ್ ಅದನ್ನೇ ಜೋಪಾನ ಮಾಡಬಹುದು. ಆ್ಯಪ್ ಕ್ಷಮಾಪಣೆಯ ಸಾಲನ್ನೇ ಮಾಹಿತಿ ಎಂದು ತಿಳಿಯುತ್ತದೆ. ಕನ್ನಡದಲ್ಲಿ ಬರೆದ ವಿವರಣೆ ಇವುಗಳಿಗೆ ಅರ್ಥವಾಗದು, ಮೂರಂಕಿಯ ಸಂಖ್ಯೆ ಅರ್ಥವಾಗುತ್ತದೆ.

ಲಾರಾವೆಲ್, ಸಿಂಫೊನಿಯಂಥ ಫ್ರೇಂವರ್ಕ್‌ಗಳು ಬಂದ ಮೇಲೆ ಈ ಸೂಕ್ಷ್ಮಗಳೆಲ್ಲ ಹಳತಾದವು ಎಂಬುದು ಕೊನೆಯ ಆಕ್ಷೇಪ. ಇವು ಸ್ಥಿತಿಸಂಖ್ಯೆ, ಹೆಡರ್, ಒಡಲು ಮೂರನ್ನೂ ಒಂದು ಆಬ್ಜೆಕ್ಟ್‌ನಲ್ಲಿ ಕೂಡಿಟ್ಟು ಕಡೆಯಲ್ಲಿ ಒಮ್ಮೆಲೇ ಕಳಿಸುತ್ತವೆ. ಆದರೆ ಕಳಿಸುವ ಗಳಿಗೆಯಲ್ಲಿ ಅವು ಕರೆಯುವುದೂ ಅದೇ ಹೆಡರ್ ಫಂಕ್ಷನ್ ಅನ್ನು, ಅದೇ ಎಕೊವನ್ನು, ಅದೇ ಕ್ರಮದಲ್ಲಿ. ಫ್ರೇಂವರ್ಕ್ ಕ್ರಮವನ್ನು ಕಾಯಬಲ್ಲದು. ಸಿಗದ ಪುಟಕ್ಕೆ 404 ಹೇಳಬೇಕೋ 200 ಹೇಳಬೇಕೋ ಎಂಬ ತೀರ್ಮಾನ ಬರೆಯುವವರದೇ. ಆದ್ದರಿಂದ ಪ್ರೋಗ್ರಾಂ ಅನ್ನು ಜನರ ಬಳಕೆಗೆ ಬಿಡುವ ಮುನ್ನ ಇಂಗ್ಲಿಷ್‌ನ ‘ಹಲೋ’ ಕಳಿಸಿ ಪರೀಕ್ಷಿಸಿದರೆ ಸಾಲದು. ಗುಣಿತವೂ ಒತ್ತೂ ಇರುವ ಊರಿನ ಹೆಸರೊಂದನ್ನು ಕಳಿಸಿ, ಬ್ರೌಸರ್‌ನ ಡೆವಲಪರ್ ಕಿಟಕಿಯಲ್ಲಿ ಒಡಲಿಗಿಂತ ಮೊದಲು ಹೆಡರ್ ಓದಬೇಕು. ನಿಡಘಟ್ಟದ 21 ಬೈಟ್ ಇಡಿಯಾಗಿ ತಲುಪಿದರೆ ಉದ್ದ ಸರಿಯಿದೆ, ಅದರ ನಾಲ್ಕೂ ಅಕ್ಷರ ಸರಿಯಾಗಿ ಕಂಡರೆ ಲಿಪಿಸಂಕೇತವೂ ಸರಿಯಿದೆ ಎಂದರ್ಥ.