ಕಲ್ಯಾಣ ನಾಡಿನ ತಪ್ಪಲು ಪಲ್ಯ: ಒಂದು ಐತಿಹಾಸಿಕ ನೋಟ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬುದು ಹಿರಿಯರ ಅನುಭವವಾಣಿ. ಅಬ್ಬೆತುಮಕೂರು, ಯಾದಗಿರಿ, ಶಹಾಪುರ, ಸುರಪುರ ಪರಿಸರದ ಊಟವೆಂದರೆ ಜೋಳದ ರೊಟ್ಟಿ, ಬೇಳೆ ಮತ್ತು ತಪ್ಪಲು ಪಲ್ಯ. ಇವುಗಳಲ್ಲಿ ಮೂರನೆಯದು ಇಂದು ತಾಟಿನಿಂದ ಮೆಲ್ಲಮೆಲ್ಲನೆ ಜಾರುತ್ತಿದೆ. ಆದ್ದರಿಂದ ಅದರ ಚರಿತ್ರೆಯನ್ನು ವಾಚಕ ಬಂಧುಗಳು ಒಮ್ಮೆ ಅವಲೋಕಿಸುವುದು ಉಚಿತ.

ನಮ್ಮ ನಾಡಿನಲ್ಲಿ ಪಾಕಶಾಸ್ತ್ರದ ಪರಂಪರೆ ಪ್ರಾಚೀನವಾದುದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು ಕ್ರಿ.ಶ. 1025ರಲ್ಲಿ, ಚಾವುಂಡರಾಯನೆಂಬ ಕವಿಯು ‘ಲೋಕೋಪಕಾರ’ವನ್ನು ರಚಿಸಿದನು. ವೃಕ್ಷಾಯುರ್ವೇದ, ಅಡಿಗೆ, ವೈದ್ಯ ಈ ಮೂರೂ ಆ ಒಂದೇ ಗ್ರಂಥದಲ್ಲಿವೆ. ಬೆಳೆಯುವುದು, ಬೇಯಿಸುವುದು, ಗುಣಪಡಿಸುವುದು ಒಂದಕ್ಕೊಂದು ಹೊಂದಿದ ವಿದ್ಯೆಗಳೆಂಬುದಕ್ಕೆ ಇದು ನಿದರ್ಶನ. ಅದೇ ವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ವು ರಾಜಭೋಜನವನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಮುಂದೆ ಮೂರನೆಯ ಮಂಗರಸನು ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನೇ ರಚಿಸಿದನು.

ಆದರೆ ಒಕ್ಕಲಿಗನ ಮನೆಯ ಪಲ್ಯದ ಶಾಸ್ತ್ರವನ್ನು ಕಾಪಾಡಿದವರು ನಮ್ಮ ತಾಯಂದಿರು. ಅವರಿಗೆ ಹೊಲವೇ ಗ್ರಂಥ. ಪುಂಡಿಯ ಎಲೆಯನ್ನು ತೊಗರಿಬೇಳೆ, ಜೋಳದ ನುಚ್ಚಿನೊಡನೆ ಬೇಯಿಸಿ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರು. ಅದರ ದಂಟಿನ ನಾರಿನಿಂದ ಹಗ್ಗವೂ ಆಯಿತು. ಎಳೆಯ ಕಡಲೆ ಗಿಡದ ಕುಡಿ ಚಿವುಟಿ ಪಲ್ಯ ಮಾಡಿದರು. ಕುಡಿ ಚಿವುಟಿದಷ್ಟೂ ಗಿಡ ಕವಲೊಡೆದು ಕಾಯಿ ಹೆಚ್ಚುವುದೆಂಬುದನ್ನು ಬಲ್ಲರು. ಕುಸುಬಿಯ ಎಳೆ ಎಲೆಯೂ ಅಡಿಗೆಗೆ ಬಂದಿತು. ಕಳೆ ಕೀಳುವಾಗ ರಾಜಗಿರಿ, ಕಿರಕಸಾಲಿಗಳು ಉಡಿ ಸೇರಿದವು. ಹಕ್ಕರಿಕೆಯನ್ನು ಹಸಿಯಾಗಿಯೇ ರೊಟ್ಟಿಯೊಡನೆ ಉಂಡರು. ಎಳ್ಳ ಅಮಾವಾಸ್ಯೆಯಂದು ಹೊಲಕ್ಕೆ ಒಯ್ಯುವ ಭಜ್ಜಿಯಲ್ಲಿ ಹಸಿಕಾಳು, ಕಾಯಿಪಲ್ಯ, ಸೊಪ್ಪುಗಳೆಲ್ಲ ಒಂದಾಗುತ್ತವೆ. ಭೂಮಿತಾಯಿಗೆ ಚರಗ ಚೆಲ್ಲಿ ಎಲ್ಲರೂ ಕೂಡಿ ಉಣ್ಣುವ ಆ ಹಬ್ಬ ನಮ್ಮ ಆಹಾರ ಸಂಸ್ಕೃತಿಯ ಸಜೀವ ದಾಖಲೆ.

ಆಧುನಿಕ ವಿಜ್ಞಾನವು ಸೊಪ್ಪಿನ ಮಹತ್ತ್ವವನ್ನು ತನ್ನದೇ ಮಾರ್ಗದಿಂದ ಕಂಡುಕೊಂಡಿತು. ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಸಿಸಿದ ಲೂಸಿ ವಿಲ್ಸ್ ಎಂಬ ವೈದ್ಯೆ, ಯೀಸ್ಟಿನ ಸಾರದಿಂದ ಅದು ಗುಣವಾಗುವುದೆಂದು 1931ರಲ್ಲಿ ಪ್ರಕಟಿಸಿದರು. ಆ ಗುಣಕಾರಿ ಅಂಶವನ್ನು 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ ‘ಫೋಲಿಕ್ ಆಮ್ಲ’ವೆಂದು ಕರೆದರು. ಲ್ಯಾಟಿನ್ ಭಾಷೆಯಲ್ಲಿ ‘ಫೋಲಿಯಂ’ ಎಂದರೆ ಎಲೆ. ಔಷಧದ ಹೆಸರಿನಲ್ಲಿಯೇ ಸೊಪ್ಪು ನೆಲೆಸಿದೆ!

ಈಗಿನ ಸ್ಥಿತಿಯೇನು? ನಾರಾಯಣಪುರ ಜಲಾಶಯವು 1982ರಲ್ಲಿ ಪೂರ್ಣಗೊಂಡು ಶಹಾಪುರ, ಸುರಪುರದ ಹೊಲಗಳಿಗೆ ಕಾಲುವೆ ನೀರು ಹರಿಯಿತು. ಸಂಪತ್ತು ಬಂದಿತು, ಸಂತೋಷ. ಆದರೆ ಭತ್ತ, ಹತ್ತಿಗಳ ಹೊಲದಲ್ಲಿ ಪುಂಡಿಯ ಸಾಲಿಗೆ ಎಡೆಯಿಲ್ಲ. ಕಳೆನಾಶಕ ಸಿಂಪಡಿಸಿದಲ್ಲಿ ರಾಜಗಿರಿ ಉಳಿಯದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇ. 47.8ರಷ್ಟು ಮಂದಿ ರಕ್ತಹೀನರು. ಸೊಪ್ಪಿನ ಕೊರತೆಯೊಂದೇ ಇದಕ್ಕೆ ಕಾರಣವೆನ್ನಲಾಗದು. ವೈದ್ಯರು ಕೊಡುವ ಮಾತ್ರೆಯನ್ನು ಬಿಡಲೂ ಬಾರದು. ಆದರೂ ಹೊಲದಲ್ಲಿ ಬಿಟ್ಟಿಯಾಗಿ ದೊರೆಯುತ್ತಿದ್ದ ಪೋಷಣೆಯನ್ನು ಕಳೆದುಕೊಂಡು ಪೇಟೆಯಲ್ಲಿ ಹುಡುಕುವುದು ವಿವೇಕವೇ?

ಮಾಡಬೇಕಾದುದು ಸುಲಭ. ಸೊಪ್ಪನ್ನು ಮೊದಲು ತೊಳೆದು ಅನಂತರ ಹೆಚ್ಚಬೇಕು. ಹೆಚ್ಚಿ ತೊಳೆದರೆ ಸತ್ತ್ವ ನೀರುಪಾಲಾಗುವುದು. ಸ್ವಲ್ಪವೇ ನೀರಿನಲ್ಲಿ, ಮುಚ್ಚಳವಿಟ್ಟು, ಅತಿಯಾಗಿ ಬೇಯಿಸದಿರಬೇಕು. ಎಣ್ಣೆಯ ಒಗ್ಗರಣೆ ಬರಿಯ ರುಚಿಗಲ್ಲ. ಕಣ್ಣಿಗೆ ಹಿತವಾದ ಎ ಜೀವಸತ್ತ್ವವು ದೇಹಗತವಾಗಲು ಜಿಡ್ಡು ಬೇಕು. ನಿಂಬೆರಸ ಹಿಂಡಿದರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುವುದು. ವಿಷ ಸಿಂಪಡಿಸಿದ ಹೊಲದ ಸೊಪ್ಪು ಮಾತ್ರ ಬೇಡ.

ಬಂಧುಗಳೇ, ಹಿತ್ತಲಲ್ಲಿ ಒಂದು ಮಡಿ ಪುಂಡಿ, ಒಂದು ಮಡಿ ಮೆಂತ್ಯ ಹಾಕಿರಿ. ದಾಸೋಹಕ್ಕೆ ಧಾನ್ಯ ತರುವವರು ಒಂದು ಕಟ್ಟು ಸೊಪ್ಪನ್ನೂ ತನ್ನಿರಿ. ಯಾವ ಸೊಪ್ಪು ತಿನ್ನತಕ್ಕದ್ದು, ಯಾವುದು ತಿನ್ನಬಾರದ್ದು ಎಂಬುದನ್ನು ಮನೆಯ ಅಜ್ಜಿಯಿಂದ ಮೊಮ್ಮಕ್ಕಳಿಗೆ ಕಲಿಸಿರಿ. ಅವರೊಡನೆ ಆ ವಿದ್ಯೆ ಅಳಿದರೆ, ಅದನ್ನು ಮರಳಿ ಕಲಿಯಲು ನಮ್ಮಲ್ಲಿ ಯಾವ ತಾಡವೋಲೆಯೂ ಇಲ್ಲ.