ತೆರೆದ ದಂತತಿರುಳಿನ ರಕ್ಷಣೆ: ಮೂರು ಜೈವಿಕ ಸಕ್ರಿಯ ವಸ್ತುಗಳ ತೌಲನಿಕ ವಿವೇಚನೆ

ಹುಳುಕು ತೆಗೆಯುವಾಗ ತೆರೆದುಕೊಂಡ ತಿರುಳು ತಾನಾಗಿಯೇ ಮಾಯಬಲ್ಲದೇ? 1965ರಲ್ಲಿ ಕಾಕೆಹಾಶಿ, ಸ್ಟ್ಯಾನ್ಲಿ, ಫಿಟ್ಜೆರಾಲ್ಡ್ ಇದಕ್ಕೆ ಉತ್ತರ ಕಂಡುಕೊಂಡರು. ರೋಗಾಣುರಹಿತ ಇಲಿಗಳ ಹಲ್ಲಿನಲ್ಲಿ ತಿರುಳನ್ನು ತೆರೆದುಬಿಟ್ಟರೂ ಅದರ ಮೇಲೆ ಡೆಂಟಿನ್ ಸೇತುವೆ ಕಟ್ಟಿತು; ಸಾಮಾನ್ಯ ಇಲಿಗಳಲ್ಲಿ ತಿರುಳು ಕೊಳೆತು ಸತ್ತಿತು. ಮಾಯುವ ಶಕ್ತಿ ತಿರುಳಿನದೇ. ಆದ್ದರಿಂದ ಯಾವುದೇ ಹೊದಿಕೆವಸ್ತುವನ್ನು ಅದು ಬ್ಯಾಕ್ಟೀರಿಯಾಗಳನ್ನು ಎಷ್ಟು ಕಾಲ ಹೊರಗಿಡುತ್ತದೆ ಎಂಬುದರಿಂದಲೇ ಮೊದಲು ಅಳೆಯಬೇಕು.

ಈ ಅಳತೆಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ನಿಲ್ಲುವುದಿಲ್ಲ. 1920ರಲ್ಲಿ ಹೆರ್ಮನ್ ಬಳಕೆಗೆ ತಂದ ಈ ವಸ್ತುವಿನ ಪಿಎಚ್ ಸುಮಾರು 12.5. ಅದು ತಾಗಿದ ತಿರುಳಿನ ಮೇಲ್ಪದರ ಸಾಯುತ್ತದೆ, ಅದರ ಕೆಳಗೆ ಸೇತುವೆ ಮೂಡುತ್ತದೆ. ಆದರೆ ಆ ಸೇತುವೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆರಪಾರ ಸುರಂಗಗಳು. ಮೇಲಿನ ವಸ್ತು ಡೆಂಟಿನ್ನಿಗೆ ಅಂಟದೆ ವರ್ಷಗಳಲ್ಲಿ ಕರಗುತ್ತದೆ, ಬ್ಯಾಕ್ಟೀರಿಯಾ ಅದೇ ಸುರಂಗದಲ್ಲಿ ಇಳಿಯುತ್ತವೆ.

1993ರಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾದಲ್ಲಿ ತೊರಾಬಿನೆಜಾದ್ ತಂಡ ಪರಿಚಯಿಸಿದ ಎಂಟಿಎ, ಪೋರ್ಟ್‌ಲ್ಯಾಂಡ್ ಸಿಮೆಂಟಿನ ಜಾತಿಯದು. ತೇವದಲ್ಲೇ ಗಟ್ಟಿಯಾಗುವುದು ಇದರ ದೊಡ್ಡ ಗುಣ. ಹಾಗೆ ಗಟ್ಟಿಯಾಗುತ್ತಲೇ ಕ್ಯಾಲ್ಸಿಯಂ ಬಿಡುತ್ತದೆ, ಡೆಂಟಿನ್ ಅಂಚಿನಲ್ಲಿ ಅಪಟೈಟ್ ಕೂರಿಸುತ್ತದೆ. ಹಿಲ್ಟನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ, 376 ರೋಗಿಗಳ ಯಾದೃಚ್ಛಿಕ ಪರೀಕ್ಷೆ ಸಾಮಾನ್ಯ ದಂತವೈದ್ಯರ ಚಿಕಿತ್ಸಾಲಯಗಳಲ್ಲೇ ನಡೆದದ್ದರಿಂದ ನನಗೆ ಹೆಚ್ಚು ನಂಬಲರ್ಹ. ಎರಡು ವರ್ಷದೊಳಗಿನ ವೈಫಲ್ಯದ ಅಂದಾಜು ಹೈಡ್ರಾಕ್ಸೈಡಿನಲ್ಲಿ ಶೇ. 31.5, ಎಂಟಿಎಯಲ್ಲಿ ಶೇ. 19.7.

ಎಂಟಿಎ ಗಟ್ಟಿಯಾಗಲು ಎರಡೂಮುಕ್ಕಾಲು ಗಂಟೆ ಬೇಕು. ಅದಕ್ಕಿಂತ ತೊಡಕಿನದು ಬಣ್ಣ. ಎಕ್ಸ್‌ರೇಯಲ್ಲಿ ಕಾಣಲೆಂದು ಬೆರೆಸಿದ ಬಿಸ್ಮತ್ ಆಕ್ಸೈಡ್, ರಕ್ತ ನಿಲ್ಲಿಸಲು ಹತ್ತಿಯಲ್ಲಿ ಒತ್ತುವ ಸೋಡಿಯಂ ಹೈಪೋಕ್ಲೋರೈಟ್ ಸೋಕಿದರೆ ಕಪ್ಪಾಗುತ್ತದೆ. ಮೂರನೆಯ ವಸ್ತುವಾದ ಬಯೋಡೆಂಟಿನ್‌ನಲ್ಲಿ ಬಿಸ್ಮತ್ ಬದಲು ಜಿರ್ಕೋನಿಯಂ ಆಕ್ಸೈಡ್ ಇದೆ. ಅದಕ್ಕೆ ಬೆರೆಸುವ ದ್ರಾವಣದ ಕ್ಯಾಲ್ಸಿಯಂ ಕ್ಲೋರೈಡ್‌ನಿಂದ ಸುಮಾರು 12 ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಗುಣವಾಗುವ ಪ್ರಮಾಣದಲ್ಲಿ ಇವೆರಡರ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ. ನಕ್ಕರೆ ಕಾಣುವ ಮುಂದಿನ ಹಲ್ಲಿಗೆ ಮಾತ್ರ ನಾನು ಅನುಮಾನವಿಲ್ಲದೆ ಬಯೋಡೆಂಟಿನ್ ಎನ್ನುತ್ತೇನೆ.

ರಬ್ಬರ್ ಡ್ಯಾಮ್ ಹಾಕಿದ್ದರೇ, ರಕ್ತ ಎಷ್ಟು ನಿಮಿಷದಲ್ಲಿ ನಿಂತಿತು, ಶಾಶ್ವತ ಭರ್ತಿ ಎಂದು ಆಯಿತು ಎಂಬುದನ್ನು ದಾಖಲಿಸದ ಹೋಲಿಕೆಗಳಲ್ಲಿ ಸೋತದ್ದು ವಸ್ತುವೋ ಭರ್ತಿಯೋ ತಿಳಿಯುವುದಿಲ್ಲ. ಒತ್ತಿದರೂ ಹತ್ತು ನಿಮಿಷದಲ್ಲಿ ರಕ್ತ ನಿಲ್ಲದ ತಿರುಳಿನಲ್ಲಿ ಉರಿಯೂತ ಆಳಕ್ಕಿಳಿದಿರುತ್ತದೆ; ಅಲ್ಲಿ ಉರಿಯೂತದ ಭಾಗವನ್ನು ಕತ್ತರಿಸಿ ತೆಗೆದ ಮೇಲೆಯೇ ಹೊದಿಕೆ ಯಾವುದೆಂದು ಯೋಚಿಸಬೇಕು.